ನಲವತ್ತೆರಡು ಕಿಲೋದಿಂದ ಒಂದೇ ಕಲ್ಲಿಗೆ

ಹದಿನಾಲ್ಕು ಪರಸಿ ತುಂಡುಗಳನ್ನು, ಅಂದರೆ ನೆಲಕ್ಕೆ ಹಾಸುವ ಕಲ್ಲಿನ ಮಾದರಿಗಳನ್ನು, ತಕ್ಕಡಿಗೆ ಏರಿಸಿದಾಗ ಮುಳ್ಳು ನಲವತ್ತೆರಡು ಕಿಲೋದ ಹತ್ತಿರ ನಿಂತಿತು. ‘ಇಷ್ಟೇ ಏನು’ ಅಂದವನು ನಾನೇ. ಶಹಾಬಾದದ ಒಂದು ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಗಿರಾಕಿಗಳಿಗೆ ಕಲ್ಲು ತೋರಿಸಿ ಮಾತಾಡಿಸುವ ಕೆಲಸ ನನ್ನದು, ಹದಿನಾರು ವರ್ಷದಿಂದ. ದಿನವೂ ಲಾರಿಗಟ್ಟಲೆ ಕಲ್ಲು ನೋಡುವವನಿಗೆ ನಲವತ್ತೆರಡು ಕಿಲೋ ಲೆಕ್ಕಕ್ಕೇ ಬರುವುದಿಲ್ಲ. ಅಷ್ಟನ್ನೂ ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಕೇರಳದ ಬೆಟ್ಟದವರೆಗೆ ಹೋಗಬೇಕಾದವನೂ ನಾನೇ ಎಂಬುದು ಆಗ ತಲೆಗೆ ಹೋಗಲಿಲ್ಲ.

ಅಲ್ಲಿ ಒಂದು ಆಸ್ಪತ್ರೆ ಕಟ್ಟುತ್ತಿದ್ದರು. ಕೈಕಾಲು ಬಿದ್ದುಹೋದವರು, ಸೊಂಟ ಮುರಿದುಕೊಂಡವರು ಮತ್ತೆ ನಡೆಯಲು ಕಲಿಯುವ ಆಸ್ಪತ್ರೆ. ಅದರ ವಿನ್ಯಾಸ ಮಾಡಿದ ಮೇಡಂ ನೆಲಕ್ಕೆ ಕಲ್ಲೇ ಬೇಕು ಅಂದಿದ್ದರು. ಇಂಥ ದಿನ ಎಲ್ಲರೂ ಮಾದರಿ ಕಲ್ಲು ಹಿಡಿದು ಕಟ್ಟಡದ ಜಾಗಕ್ಕೇ ಬನ್ನಿ, ಅಲ್ಲೇ ನೋಡಿ ತೀರ್ಮಾನಿಸುತ್ತೇನೆ ಎಂದು ತಿಳಿಸಿದ್ದರು. ನಾವು ಅದಕ್ಕೆ ಮೊದಲೇ ಎರಡು ಸಲ ಪಾರ್ಸೆಲ್ ಕಳಿಸಿದ್ದೆವು, ಎರಡು ಸಲವೂ ಅದು ಚೂರಾಗಿ ತಲುಪಿತ್ತು. ಬಸ್ಸಿನವರು ಕಲ್ಲು ಎಂದ ಕೂಡಲೇ ಕೈ ಮುಗಿಯುತ್ತಾರೆ. ‘ನನ್ನ ಗಾಡಿ ಮ್ಯಾಲ ನಾನೇ ಒಯ್ತೀನಿ’ ಎಂದು ಜಂಬ ಕೊಚ್ಚಿದೆ. ಖರೆ ಹೇಳಬೇಕೆಂದರೆ, ದೂರದೂರ ಬೈಕಿನಲ್ಲಿ ತಿರುಗುವವರ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ ನನಗೂ ಆ ಹುಚ್ಚು ಹತ್ತಿತ್ತು. ಒಂದು ನೆಪ ಬೇಕಿತ್ತು, ಸಿಕ್ಕಿತು.

ಆದರೆ ಕೆಲಸ ಹುಡುಗಾಟದ್ದಾಗಿರಲಿಲ್ಲ. ಜನ ಟೈಲ್ಸ್ ಕಡೆ ಹೋಗಿ ಪಾಲಿಶ್ ಕಲ್ಲು ಕೇಳುವವರು ಕಡಿಮೆಯಾಗಿದ್ದರು. ಈ ಆಸ್ಪತ್ರೆಯ ಕೆಲಸ ಬರದಿದ್ದರೆ ಪಾಲಿಶ್ ಶೆಡ್ ಮುಚ್ಚಿ, ಖಣಿಯಿಂದ ಬಂದ ಕಚ್ಚಾ ಪರಸಿಯನ್ನಷ್ಟೇ ಮಾರುವುದಾಗಿ ಮಾಲಕರು ಹೇಳಿಬಿಟ್ಟಿದ್ದರು. ಆ ಶೆಡ್ಡಿನಲ್ಲಿ ಏಳು ಜನ ಇದ್ದರು. ಅವರಲ್ಲಿ ಎಲ್ಲರಿಗಿಂತ ಹಳಬಳು ಒಬ್ಬ ಅಕ್ಕ. ಇಪ್ಪತ್ತೆರಡು ವರ್ಷದಿಂದ ನೀರಲ್ಲಿ ನಿಂತು ಕಲ್ಲು ಉಜ್ಜಿದವಳು, ಅಂಗೈ ಮುಟ್ಟಿಸಿ ಕಲ್ಲಿನ ಗುಣ ಹೇಳುವವಳು. ಅವಳು ನನಗೆ ಹೇಳಿದ್ದು ಇಷ್ಟೇ: “ಹೋಗಿ ಬಾ ತಮ್ಮಾ. ಕಲ್ಲ ಒಡೀಲಾರದಂಗ ಒಯ್ಯಿ.” ಆ ಮಾತು ಕೇಳಿದ ಮೇಲೆ ನನ್ನ ಜಂಬ ಸ್ವಲ್ಪ ಇಳಿಯಿತು.

ಕಲ್ಲು ಕಟ್ಟಿದವರು ನಮ್ಮ ಹಮಾಲರು. ನಮ್ಮ ಊರಲ್ಲಿ ಪರಸಿಯನ್ನು ಯಾರೂ ಮಲಗಿಸಿ ಒಯ್ಯುವುದಿಲ್ಲ. ಅಂಚಿನ ಮೇಲೆ ನಿಲ್ಲಿಸಿ, ನಡುನಡುವೆ ಹುಲ್ಲು ತುಂಬಿ, ಹಗ್ಗ ಬಿಗಿಯುತ್ತಾರೆ. ಮಲಗಿಸಿದ ಪರಸಿ ಮೊದಲ ತಗ್ಗಿಗೇ ಎರಡಾಗುತ್ತದೆ, ಇದು ಇಲ್ಲಿನ ಕೂಸಿಗೂ ಗೊತ್ತು. ಹಾಗಾಗಿ ನನ್ನ ಸೀಟಿನ ಹಿಂದಿನ ಕ್ಯಾರಿಯರ್ ಮೇಲೆ ಕಬ್ಬಿಣದ ಒಂದು ಚೌಕಟ್ಟು ಬೆಸೆಸಿ, ಹದಿನಾಲ್ಕೂ ತುಂಡುಗಳನ್ನು ಲಾರಿಯಲ್ಲಿ ನಿಲ್ಲಿಸಿದ ಹಾಗೆ ಸಾಲಾಗಿ ನಿಲ್ಲಿಸಿದರು. ನೋಡಲು ಭಾಳ ಚಂದ ಇತ್ತು. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿಕೊಂಡೆ.

ಅದರ ಮೇಲೆ ನನ್ನ ಸಾಮಾನು. ಮೂರು ಪ್ಯಾಂಟು, ಐದು ಅಂಗಿ, ಒಂದು ರಗ್ಗು, ದಪ್ಪ ಜರ್ಕಿನ್ನು, ಮೊಣಕಾಲಿಗೆ ಕಟ್ಟುವ ಪಟ್ಟಿಗಳು, ಐದು ಲೀಟರಿನ ಪೆಟ್ರೋಲ್ ಕ್ಯಾನು, ಒಂದು ಪೆಟ್ಟಿಗೆ ತುಂಬ ನಟ್ಟು ಬಿಚ್ಚುವ ಪಾನಾ, ಟ್ಯೂಬು, ಪಂಪು, ಕ್ಲಚ್ಚಿನ ವಾಯರು, ಕಾರ್ಖಾನೆಯ ಗಮ್‌ಬೂಟು, ಫ್ಲಾಸ್ಕು, ಹೆಂಡತಿ ಕೊಟ್ಟ ಉಪ್ಪಿನಕಾಯಿಯ ಗಾಜಿನ ಬಾಟಲಿ. ಬೇಡ ಅಂದರೆ ಅವಳಿಗೆ ಬೇಜಾರು, ಬೇಕು ಅಂದರೆ ಜಾಗ ಇಲ್ಲ. ಬೇಕು ಅಂದೆ.

ವಾಡಿಯಲ್ಲಿ ನನ್ನ ಗಾಡಿ ನೋಡಿಕೊಳ್ಳುವ ಒಬ್ಬ ಮೆಕ್ಯಾನಿಕ್ ಇದ್ದಾನೆ. ಹೊರಡುವುದಕ್ಕೆ ಮೊದಲು ಚೈನು ಬದಲಿಸಲು ಹೋದಾಗ ಅವನು ಒಂದು ಮಾತು ಹೇಳಿದ್ದ. “ನೇರ ಕೇರಳಕ್ಕ ಹೋಗ್ಬ್ಯಾಡ್ರಿ ಸರ. ಮೊದಲ ಒಂದ್ ದಿನ ಪೂರಾ ಸಾಮಾನ ಕಟಗೊಂಡು ಚಿಂಚೋಳಿ ತನಕ ಹೋಗಿ ಬರ್ರಿ. ಏರು ಅದ, ತಿರುವು ಅದ, ಕೆಟ್ಟ ರಸ್ತಾನೂ ಅದ. ಅಲ್ಲಿ ಪಾಸಾದ್ರ ಎಲ್ಲಾ ಕಡಿ ಪಾಸು.” ಇವನೇನು ನನಗೆ ಪರೀಕ್ಷೆ ಇಡುತ್ತಾನೆ ಎಂದು ಸಿಟ್ಟು ಬಂತು. ಆದರೂ ಆಸ್ಪತ್ರೆಯವರು ಕೊಟ್ಟ ದಿನಕ್ಕೆ ಇನ್ನೂ ಹನ್ನೊಂದು ದಿನ ಇತ್ತು, ಒಪ್ಪಿದೆ.

ಬೆಳಿಗ್ಗೆ ಏಳಕ್ಕೆ ಶಹಾಬಾದ ಬಿಟ್ಟೆ. ಭಂಕೂರ ದಾಟುವಾಗ ಒಂದು ಉಬ್ಬು ಸಿಕ್ಕಿತು. ಅದನ್ನು ಹತ್ತಿದ ಕ್ಷಣ ಹ್ಯಾಂಡಲ್ಲಿಗೂ ನೆಲಕ್ಕೂ ಸಂಬಂಧವೇ ಇಲ್ಲದಂತೆ ನನ್ನ ಕೈ ಹಗುರಾಯಿತು. ಎಡಕ್ಕೆ ತಿರುಗಿಸಿದರೆ ಗಾಡಿ ಒಂದು ಗಳಿಗೆ ಯೋಚನೆ ಮಾಡಿ ಆಮೇಲೆ ತಿರುಗುತ್ತಿತ್ತು. ವಾಡಿ ತಲುಪಿದಾಗ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಮೆಕ್ಯಾನಿಕ್ ಗಾಡಿಯ ಸುತ್ತ ಒಂದು ಸುತ್ತು ಬಂದ. ಹಿಂದಿನ ಟೈರು ಒತ್ತಿ ನೋಡಿದ. ಆಮೇಲೆ ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಮುಂದಿನ ಗಾಲಿಯನ್ನು ನೆಲದಿಂದ ಎತ್ತಿದ.

“ನೋಡ್ರಿ ಸರ. ಮುಂದಿನ ಗಾಲಿ ನೆಲಕ್ಕ ಸುಮ್ಮ ಮುಟ್ಯಾದ ಅಷ್ಟೇ. ಭಾರ ಎಲ್ಲಾ ಹಿಂದ, ಅದೂ ಮ್ಯಾಲ.”

“ಕಲ್ಲ ನಿಲ್ಲಿಸೇ ಒಯ್ಯಬೇಕಪ್ಪಾ. ಲಾರಿಗೂ ಹಿಂಗೇ ಹಾಕ್ತೀವಿ.”

“ಲಾರಿಗೆ ಆರು ಗಾಲಿ ಅವ್ರಿ” ಅಂದ ಅವನು, ನಗಲಿಲ್ಲ ಕೂಡ. ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿ, ಗಾಳಿ ಹೆಚ್ಚಿಸಿ, ಹುಷಾರ್ರಿ ಎಂದು ಕಳಿಸಿದ. ಕಲ್ಲಿನ ವಿಷಯದಲ್ಲಿ ನಮಗೆ ಬುದ್ಧಿ ಹೇಳುವಷ್ಟು ದೊಡ್ಡವನಾದನಾ ಇವನು ಎಂದು ಗೊಣಗುತ್ತ ಚಿತ್ತಾಪುರದ ದಾರಿ ಹಿಡಿದೆ.

ಆ ದಾರಿಯಲ್ಲಿ ಸಿಮೆಂಟಿನ ಟ್ಯಾಂಕರುಗಳ ಸಾಲು. ಧೂಳಿಗೆ ಕಣ್ಣು ಬಿಡಲಾಗದು. ಸ್ವಲ್ಪ ದೂರ ಹೋಗುತ್ತಲೇ ಹಿಂದಿನಿಂದ ಟಕ್ ಟಕ್ ಎಂದು ಸದ್ದು ಶುರುವಾಯಿತು. ನಿಲ್ಲಿಸಿ ನೋಡಿದರೆ ಗಾಡಿಯ ನಡುಕಕ್ಕೆ ಹುಲ್ಲು ಕುಗ್ಗಿ ಹಗ್ಗ ಸಡಿಲಾಗಿತ್ತು, ಕಲ್ಲುಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಲಾರಿಯಲ್ಲಾದರೆ ಕಲ್ಲಿನ ಭಾರವೇ ಹುಲ್ಲನ್ನು ಹಿಡಿದುಕೊಂಡಿರುತ್ತದೆ, ಇಲ್ಲಿ ಹದಿನಾಲ್ಕೇ ತುಂಡು. ಬಿಚ್ಚಿ ಕಟ್ಟಿದೆ. ಚಿತ್ತಾಪುರದಲ್ಲಿ ಮತ್ತೆ ಕಟ್ಟಿದೆ. ಸೇಡಂ ಮುಟ್ಟುವಷ್ಟರಲ್ಲಿ ನಾಲ್ಕು ಸಲ ಕಟ್ಟಿದ್ದೆ. ಸೇಡಂನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಕಣ್ಣಿಗೆ ಬಿದ್ದದ್ದು ಕ್ಯಾರಿಯರ್ ಬೆಸುಗೆಯಲ್ಲಿ ಕೂದಲೆಳೆಯಂಥ ಸೀಳು. ವೆಲ್ಡಿಂಗ್ ಅಂಗಡಿಯಲ್ಲಿ ಎಲ್ಲ ಇಳಿಸಿ, ಬೆಸೆಸಿ, ಮತ್ತೆ ಏರಿಸಿ ಕಟ್ಟುವುದಕ್ಕೆ ಒಂದೂವರೆ ತಾಸು ಹೋಯಿತು. ಬಿಸಿಲು ಏರಿತ್ತು. ಜರ್ಕಿನ್ನು ಬಿಚ್ಚಿ ಗಂಟಿನ ಮೇಲೆ ಸಿಕ್ಕಿಸಿದೆ. ಮೊಣಕಾಲ ಪಟ್ಟಿಗಳು ಚೀಲದಿಂದ ಹೊರಗೇ ಬಂದಿರಲಿಲ್ಲ.

ಚಿಂಚೋಳಿ ಇನ್ನೂ ಸ್ವಲ್ಪ ದೂರ ಇರುವಾಗ ಮಣ್ಣು ಕೆಂಪಾಗುತ್ತದೆ, ರಸ್ತೆ ಏರುತ್ತ ತಿರುಗುತ್ತದೆ. ಎರಡೂ ಬದಿಗೆ ತೊಗರಿ ಹೂ ಬಿಟ್ಟಿತ್ತು. ಒಂದು ತಿರುವಿನಲ್ಲಿ ಕುರಿಗಳು ರಸ್ತೆ ದಾಟುತ್ತಿದ್ದವು. ನಾನು ಜೋರಾಗೇನೂ ಇರಲಿಲ್ಲ. ಬ್ರೇಕು ಹಿಡಿದೆ, ಹ್ಯಾಂಡಲ್ ತಿರುಗಿಸಿದೆ, ಮುಂದಿನ ಗಾಲಿ ಮಣ್ಣಿನಲ್ಲಿ ಪಕ್ಕಕ್ಕೆ ಜಾರಿತು. ಹಿಂದಿನ ಭಾರ ಗಾಡಿಯನ್ನೂ ನನ್ನನ್ನೂ ಬಲಕ್ಕೆ ಎಳೆದು ಕೆಡವಿತು. ಬಿದ್ದ ಕೂಡಲೇ ಕೇಳಿಸಿದ್ದು ಕಲ್ಲು ಒಡೆಯುವ ಸದ್ದು. ಆ ಸದ್ದು ನಮ್ಮವರಿಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ.

ಪಕ್ಕದ ತೊಗರಿ ಹೊಲದಿಂದ ಗಂಡ ಹೆಂಡತಿ ಇಬ್ಬರು ಓಡಿ ಬಂದರು. ಅವರದೇ ಹೊಲ, ಅಲ್ಲೇ ಅಂಚಿನಲ್ಲಿ ಅವರ ಮನೆ. ಗಾಡಿ ಎತ್ತಿ ನಿಲ್ಲಿಸಿ, ನನ್ನನ್ನು ಬೇವಿನ ಮರದ ಕೆಳಗೆ ಕೂರಿಸಿದರು. ಮೊಣಕೈ, ಮೊಣಕಾಲಿನ ಚರ್ಮ ಕಿತ್ತಿತ್ತು. ಹೊಚ್ಚಹೊಸ ಪಟ್ಟಿಗಳು ಚೀಲದಲ್ಲಿ ಒಂದು ಗೀರೂ ಇಲ್ಲದೆ ಸುಖವಾಗಿದ್ದವು. ಆಕೆ ಅರಿಷಿಣ ತಂದು ಹಚ್ಚಿದಳು. ಅಪರಿಚಿತನೊಬ್ಬನ ಗಾಯಕ್ಕೆ ಅಷ್ಟು ನಿಧಾನವಾಗಿ ಅರಿಷಿಣ ಹಚ್ಚುವವರನ್ನು ನೋಡಿ ನನ್ನ ಮೇಲೆ ನನಗೇ ಸಿಟ್ಟು ಬಂತು.

ಏನೇನು ಒಡೆದಿದೆ ನೋಡಬೇಕಿತ್ತು. ರಗ್ಗು ಹಾಸಿ ಎಲ್ಲವನ್ನೂ ಒಂದೊಂದಾಗಿ ಅದರ ಮೇಲೆ ಇಡತೊಡಗಿದೆ. ಉಪ್ಪಿನಕಾಯಿ ಬಾಟಲಿ ಒಡೆದು ಮೂರು ಅಂಗಿಗಳು ಎಣ್ಣೆಯಲ್ಲಿ ಮಿಂದಿದ್ದವು. ಆಕೆ ಎದುರಿಗೆ ಕೂತು ಒಂದೊಂದನ್ನೂ ಎತ್ತಿ ಕೇಳತೊಡಗಿದಳು.

“ಇದು ಏನ್ರಿ ಅಣ್ಣಾ?”

“ಪೆಟ್ರೋಲ್ ಕ್ಯಾನು. ದಾರಿಯಾಗ ತೀರಿದ್ರ ಇರ್ಲಿ ಅಂತ.”

“ಶಹಾಬಾದಲಿಂದ ಇಲ್ಲಿತನ ಪಂಪ್ ಎಷ್ಟ ಅವ?”

ಕ್ಯಾನನ್ನು ಪಕ್ಕಕ್ಕೆ ಸರಿಸಿದೆ. ಅವಳು ಗಮ್‌ಬೂಟು ಎತ್ತಿದಳು. “ಇದು ಹಾಕ್ಕೊಂಡು ಗೇರ್ ಹಾಕ್ಲಿಕ್ಕ ಬರ್ತದೇನು?”

“ಬರಂಗಿಲ್ಲ.”

“ಮತ್ತ ಯಾಕ ತಂದೀರಿ?”

“ಬೇಕಾದ್ರ ಇರ್ಲಿ ಅಂತ.”

“ಬೇಕಾದ್ರ ಆ ಊರಾಗ ಸಿಗಂಗಿಲ್ಲೇನು? ಅಲ್ಲೂ ಮಂದಿ ಇರ್ತಾರಲ್ಲ” ಅಂದಳು. ಗಂಡ ಆ ಕಡೆ ಮುಖ ಮಾಡಿ ನಕ್ಕ. ನನಗೂ ನಗು ಬಂತು, ಮೊಣಕೈ ಉರಿಯುತ್ತಿದ್ದರೂ.

ಅಲ್ಲೇ ಮೂರು ಗುಂಪು ಮಾಡಿದೆ. ಇವತ್ತು ಕೈ ಹಚ್ಚಿದ್ದು ಒಂದು ಕಡೆ. ಕೈ ಹಚ್ಚದಿದ್ದರೂ ಇರಲೇಬೇಕಾದದ್ದು, ಅಂದರೆ ಟ್ಯೂಬು, ಪಂಪು, ಕ್ಲಚ್ಚಿನ ವಾಯರು, ಇನ್ನೊಂದು ಕಡೆ. ಬರೇ ಅಂಜಿಕೆಗೆ ತಂದದ್ದು ಮೂರನೆಯದು. ಮೂರನೆಯ ಗುಂಪು ಉಳಿದ ಎರಡಕ್ಕಿಂತ ದೊಡ್ಡದಾಯಿತು.

ಕಲ್ಲುಗಳಲ್ಲಿ ಆರು ಒಡೆದಿದ್ದವು. “ಈ ತುಂಡ ಒಯ್ತೀರೇನ್ರಿ? ಬಚ್ಚಲಕ್ಕ ಹಾಕ್ಕೋತೀನಿ, ಕೆಸರಾಗ್ತದ” ಅಂದಳು ಆಕೆ. ತಗೋರಿ ಅಂದೆ. ಅವಳು ಸುಮ್ಮನೆ ತೆಗೆದುಕೊಳ್ಳಲಿಲ್ಲ. ಕನ್ನಡಿಯಂತೆ ಹೊಳೆಯುವ ಪಾಲಿಶ್ ತುಂಡನ್ನು ನೆಲಕ್ಕಿಟ್ಟು, ತಂಬಿಗೆ ನೀರು ಸುರಿದು, ಬರಿಗಾಲಲ್ಲಿ ನಿಂತಳು. ಹಿಮ್ಮಡಿ ಸರ್ರನೆ ಜಾರಿತು, ಗಂಡನ ಹೆಗಲು ಹಿಡಿದುಕೊಂಡಳು. ಆಮೇಲೆ ಕಚ್ಚಾ ತುಂಡಿನ ಮೇಲೆ ನಿಂತಳು. “ಇದು ಅಂಗಾಲ ತಿಂತದ. ನಡಬರಕ ಇದ್ದದ್ದು, ಜಾರಲಾರದ್ದು ತಿನ್ನಲಾರದ್ದು, ಇಲ್ಲೇನ್ರಿ?”

“ಹಂತಾದ್ದು ಮಾಡಂಗಿಲ್ಲ ನಾವು.”

“ಯಾಕ?”

ಯಾಕೆ ಎಂದು ನನಗೆ ಗೊತ್ತಿರಲಿಲ್ಲ. ಹದಿನಾರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಮ್ಮಲ್ಲಿ ಕಚ್ಚಾ ಇದೆ, ಕನ್ನಡಿ ಪಾಲಿಶ್ ಇದೆ, ಅಷ್ಟೇ. ನಾನು ಕಟ್ಟಿಕೊಂಡು ಬಂದ ಹದಿನಾಲ್ಕರಲ್ಲಿ ಒಂಬತ್ತು ಕನ್ನಡಿ ಪಾಲಿಶ್ ಇದ್ದವು. ನಡೆಯಲು ಕಲಿಯುವವರ ಆಸ್ಪತ್ರೆಗೆ, ಒದ್ದೆಯಾದರೆ ಗಟ್ಟಿ ಕಾಲಿನ ಹೆಣ್ಣುಮಗಳೂ ಜಾರುವಂಥ ಕಲ್ಲನ್ನು ಹೊತ್ತು ಬೆನ್ನು ಮುರಿದುಕೊಳ್ಳುತ್ತಿದ್ದೆ. ನನಗೆ ನಾಚಿಕೆಯಾಯಿತು. ಉಳಿದ ಎಂಟು ಕಲ್ಲುಗಳನ್ನೂ ಅಲ್ಲೇ ಬಿಟ್ಟೆ. ನಡಬರಕಿನ ಕಲ್ಲು ಮಾಡಿದರೆ ಒಂದು ನಿಮಗೆ ತಂದುಕೊಡುತ್ತೇನೆ ಎಂದು ಹೇಳಿ ಗಾಡಿ ತಿರುಗಿಸಿದೆ. ಕಲ್ಲಿಳಿದ ಗಾಡಿ ಕೈಯ ಮಾತು ಕೇಳಿತು.

ಮರುದಿನ ಶೆಡ್ಡಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

“ಹೂಂ, ನಮ್ಮ ಮನಿ ಬಚ್ಚಲದಾಗ ಹಂತಾದೇ ಅದ. ಎರಡನೇ ಬಟ್ಟಿಗೆ ನಿಲ್ಲಿಸಿದ್ದು.”

ಬಟ್ಟಿ ಅಂದರೆ ಪಾಲಿಶ್ ಉಜ್ಜುವ ಕಲ್ಲು. ಒರಟಿನಿಂದ ನುಣುಪಿನವರೆಗೆ ಐದು ಬಟ್ಟಿ ಆದ ಮೇಲೆ ಪರಸಿ ಕನ್ನಡಿಯಾಗುತ್ತದೆ.

“ಮತ್ತ ಇಷ್ಟ ವರ್ಷ ಯಾಕ ಹೇಳಿಲ್ಲಕ್ಕಾ?”

“ಯಾರ್ ಕೇಳ್ಯಾರ?” ಅಂದಳು.

ಆಗ ನಾನು ಅವಳಿಗೆ ನನ್ನ ಯೋಚನೆ ಹೇಳಿದೆ. ಹದಿನಾಲ್ಕು ಕಲ್ಲು ಬೇಡ, ಒಂದೇ ಕಲ್ಲು. ಅದರ ಮೇಲೆ ಮೂರು ಪಟ್ಟಿ: ಕಚ್ಚಾ, ಎರಡನೇ ಬಟ್ಟಿಯದು, ಕನ್ನಡಿ. ಬಣ್ಣಗಳನ್ನು ಮೊಬೈಲಿನಲ್ಲಿ ತೋರಿಸಬಹುದು, ಮುಟ್ಟಿದರೆ ಹೇಗಿರುತ್ತದೆ ಎಂಬುದನ್ನು ತೋರಿಸಲಾಗದು. ಮುಟ್ಟುವುದಕ್ಕೆ ಎಷ್ಟು ಬೇಕೋ ಅಷ್ಟು ಒಯ್ದರೆ ಸಾಕು.

ಮಾಲಕರು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ತಲಿ ನೆಟ್ಟಗ ಅದ ಏನು? ಮಂದಿ ಕಾರ್ ತುಂಬ ಸ್ಯಾಂಪಲ್ ತರ್ತಾರ, ನೀ ಒಂದ್ ಕಲ್ಲ ಹಿಡಕೊಂಡು ಹೋಗಾಂವ. ಅದೂ ಒಡೀತಂದ್ರ?”

“ಒಡದ್ರ ಫೋನ್ ಹಚ್ಚಿ ಹೇಳ್ತೀನ್ರಿ ಸಾವ್ಕಾರ್ರ. ಹದಿನಾಲ್ಕು ಒಯ್ದು ದಾರಿಯಾಗ ಸಾಯೋದಕ್ಕಿಂತ ಅದು ಚಲೋ.”

ನನ್ನ ಮೊಣಕೈ ಗಾಯದ ಪಟ್ಟಿ ನೋಡಿದರು. ಕನ್ನಡಕ ಮತ್ತೆ ಹಾಕಿಕೊಂಡು, “ಮಾಡ್ರಿ ಏನರೆ” ಅಂದರು. ಅವರೂ ಶೆಡ್ ಮುಚ್ಚುವ ಮಾತನ್ನು ಖುಷಿಯಿಂದ ಆಡಿದವರಲ್ಲ. ಆ ಶೆಡ್ ಹಾಕಿಸಿದ್ದು ಅವರ ಅಪ್ಪ.

ಕಲ್ಲು ಆರಿಸುವುದಕ್ಕೇ ಒಂದು ದಿನ ಹೋಯಿತು. ನಮ್ಮಲ್ಲಿ ಒಣಗಿದ ಪರಸಿಯನ್ನು ಯಾರೂ ನಂಬುವುದಿಲ್ಲ. ನೀರು ಎರಚಿ, ಅದು ಆರುವುದನ್ನು ಕಾಯಬೇಕು. ಒಳಗೆ ಸೀಳಿದ್ದರೆ ಕಲ್ಲೆಲ್ಲ ಆರಿದ ಮೇಲೂ ಅಲ್ಲೊಂದು ಕಪ್ಪು ಗೆರೆ ಉಳಿಯುತ್ತದೆ. ಅಕ್ಕ ಒಂದನ್ನು ಆರಿಸಿದಳು. ಒಂದೂವರೆ ಗೇಣು ಉದ್ದ, ಅಂಗೈಯಗಲ, ನೀಲಿ ಬಣ್ಣದ್ದು. ಅಷ್ಟು ಸಣ್ಣದು ಮಷೀನಿಗೆ ಸಿಗುವುದಿಲ್ಲ, ಕೈಯಲ್ಲೇ ಉಜ್ಜಬೇಕು. ಪಟ್ಟಿಗಳ ನಡುವೆ ಗೆರೆ ಕಲಸದಂತೆ ಟೇಪು ಅಂಟಿಸಿ ಉಜ್ಜಿದಳು. ಮರುದಿನ ಐದನೇ ಬಟ್ಟಿಯೂ ಮುಗಿದು, ನೀರು ಎರಚಿ ನೋಡಿದರೆ ಮೂಲೆಯಲ್ಲಿ ಉಗುರಿನಷ್ಟು ಕಪ್ಪು ಗೆರೆ. ನನ್ನ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ. ‘ಇರ್ಲಿ ಬಿಡಕ್ಕಾ, ಕಾಣಂಗಿಲ್ಲ’ ಅಂದೆ. ಅವಳು ಅದನ್ನು ಪಕ್ಕಕ್ಕಿಟ್ಟು ಬೇರೆ ಕಲ್ಲಿಗೆ ನೀರು ಎರಚಿದಳು. ಹೀಗೆ ನಾಲ್ಕು ದಿನ ಹೋದವು. ಎರಡನೆಯದು ತಕ್ಕಡಿಯಲ್ಲಿ ಎರಡು ಕಿಲೋಗೂ ಸ್ವಲ್ಪ ಕಡಿಮೆ ತೂಗಿತು.

ಆ ನಾಲ್ಕು ದಿನ ನಾನೂ ನನ್ನ ಸಾಮಾನನ್ನು ಉಜ್ಜಿದೆ. ಹಿಂದಿನ ಚೌಕಟ್ಟು ಕೀಳಿಸಿದೆ. ಲಾರಿಗೆ ಹೊದಿಸುವ ತಾಡಪತ್ರಿ ಹೊಲಿಯುವವನಿಂದ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರುವ ಒಂದು ಚೀಲ, ಹಿಂದಿನ ಸೀಟಿನ ಎರಡೂ ಬದಿಗೆ ತಗ್ಗಾಗಿ ಜೋತು ಬೀಳುವ ಎರಡು ಚೀಲ ಹೊಲಿಸಿದೆ. ಎಡಕ್ಕೆ ಟ್ಯೂಬು, ಟೈರು ಬಿಚ್ಚುವ ಪಟ್ಟಿ, ಕೈಪಂಪು, ಒಂದು ಪ್ಲಗ್ಗು. ಪಾನಾದ ಪೆಟ್ಟಿಗೆಯನ್ನು ವಾಡಿಗೆ ಒಯ್ದು, ನನ್ನ ಗಾಡಿಯ ನಟ್ಟುಗಳಿಗೆ ಹತ್ತುವ ನಾಲ್ಕನ್ನೇ ಮೆಕ್ಯಾನಿಕ್ಕಿನ ಹತ್ತಿರ ಆರಿಸಿಕೊಂಡೆ. ಹೆಚ್ಚಿನ ಕ್ಲಚ್ ವಾಯರನ್ನು ಅವನು ಚೀಲಕ್ಕೇ ಹಾಕಲಿಲ್ಲ, ಹಳೆಯದರ ಪಕ್ಕದಲ್ಲೇ ಎಳೆದು ಕಟ್ಟಿಟ್ಟ. ಒಂದು ಹರಿದರೆ ಇನ್ನೊಂದನ್ನು ಸಿಕ್ಕಿಸಿದರೆ ಆಯಿತು. ಬಲಕ್ಕೆ ಒಂದು ಪ್ಯಾಂಟು, ಎರಡು ಅಂಗಿ, ಮಳೆಯ ಕೋಟು, ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಉಪ್ಪಿನಕಾಯಿ ಬೇಡ ಅಂದೆ, ಈ ಸಲ ಹೆಂಡತಿ ತಾನೇ ಒಪ್ಪಿದಳು. ಜರ್ಕಿನ್ನು, ಮೊಣಕಾಲ ಪಟ್ಟಿ ಮೈಮೇಲೆ, ಬಿಸಿಲಿರಲಿ ಮಳೆಯಿರಲಿ. ಎಲ್ಲ ಸೇರಿ, ಕಲ್ಲೂ ಸೇರಿ, ಹನ್ನೊಂದು ಕಿಲೋ.

ಕಲ್ಲನ್ನು ನನ್ನ ಲುಂಗಿಯಲ್ಲೇ ಸುತ್ತಿದೆ. ಟ್ಯಾಂಕಿನ ಮೇಲಿನ ಚೀಲದಲ್ಲಿ ಮಲಗಿಸಲು ಹೋದಾಗ ಅಕ್ಕ ಕೈ ಹಿಡಿದಳು.

“ನಿಲ್ಲಿಸು. ಹೊಟ್ಟಿಗೆ ಆತು ನಿಲ್ಲಿಸು. ಪರಸಿ ಮಲಗಿಸ್ತಾರೇನು ಯಾರರೆ?”

ನಿಲ್ಲಿಸಿದೆ. ಅಂಚಿನ ಮೇಲೆ ನಿಲ್ಲಿಸುವ ನಮ್ಮ ಪದ್ಧತಿಯಲ್ಲಿ ತಪ್ಪಿರಲಿಲ್ಲ, ನಿಲ್ಲಿಸಿದ ಜಾಗದಲ್ಲಿ ತಪ್ಪಿತ್ತು.

ದಾರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ, ಅದೇ ಅದರ ಹೆಚ್ಚುಗಾರಿಕೆ. ಮೊದಲ ದಿನ ಹುಬ್ಬಳ್ಳಿ, ಎರಡನೆಯ ದಿನ ಘಟ್ಟ ಇಳಿದು ಕರಾವಳಿ. ಘಟ್ಟದ ನಡುವೆ ಮಳೆ ಹಿಡಿಯಿತು, ಕ್ಲಚ್ ವಾಯರೂ ಅಲ್ಲೇ ಹರಿಯಿತು. ಪಕ್ಕದ ವಾಯರು ಸಿಕ್ಕಿಸಲು ಹತ್ತು ನಿಮಿಷ ಸಾಕಾಯಿತು. ವಾಡಿಯ ಕಡೆ ಮುಖ ಮಾಡಿ ಮೆಕ್ಯಾನಿಕ್ಕಿಗೆ ಮನಸ್ಸಿನಲ್ಲೇ ಶರಣು ಹೇಳಿದೆ. ಎರಡು ಅಂಗಿ ಸಾಕಾದವು, ಸಂಜೆ ಒಗೆದದ್ದು ಸೀಟಿನ ಮೇಲೆ ಕಟ್ಟಿದರೆ ಮರುದಿನ ಮಧ್ಯಾಹ್ನಕ್ಕೆ ಒಣಗುತ್ತಿತ್ತು. ಪ್ರತಿ ನಿಲುಗಡೆಯಲ್ಲೂ ಚೀಲದೊಳಗೆ ಕೈ ಹಾಕಿ ಕಲ್ಲಿನ ಅಂಚು ಸವರುತ್ತಿದ್ದೆ. ಏಳು ಜನರ ಕೆಲಸ ನನ್ನ ಹೊಟ್ಟೆಗೆ ಆತುಕೊಂಡು ಕೂತಿದೆ ಎಂಬ ಯೋಚನೆ ಬಂದಾಗಲೆಲ್ಲ ವೇಗ ತಾನೇ ತಗ್ಗುತ್ತಿತ್ತು. ಬಿಟ್ಟು ಬಂದದ್ದಕ್ಕೆ ಪೇಚಾಡಿದ್ದು ಒಂದಕ್ಕೇ, ಓದುವ ಕನ್ನಡಕ.

ನಾಲ್ಕನೆಯ ದಿನ, ಹೇಳಿದ ಹೊತ್ತಿಗೆ, ಬೆಟ್ಟದ ಮೇಲಿನ ಆ ಜಾಗ ತಲುಪಿದೆ. ಕಾರುಗಳು ನಿಂತಿದ್ದವು. ಉದ್ದನೆಯ ಮೇಜಿನ ಮೇಲೆ ಮಖಮಲ್ಲಿನ ಪೆಟ್ಟಿಗೆಗಳು, ಪೆಟ್ಟಿಗೆಗಳಲ್ಲಿ ಫಳಫಳ ಹೊಳೆಯುವ ಕಲ್ಲುಗಳು. ನಾನು ಸುತ್ತಿದ ಲುಂಗಿ ಬಿಚ್ಚಿ ನನ್ನ ಒಂದೇ ಕಲ್ಲನ್ನು ಸಿಮೆಂಟ್ ಚೀಲದ ಮೇಲಿಟ್ಟಾಗ ಪಕ್ಕದವರೊಬ್ಬರು ಉಳಿದದ್ದೆಲ್ಲಿ ಅಂದರು. ಇಷ್ಟೇ ಅಂದೆ. ಮಾಲಕರು ಹೇಳಿದ್ದೇ ಖರೆಯಾಯಿತೇನೋ ಎಂದು ಆ ಹೊತ್ತಿಗೆ ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ.

ಮೇಡಂ ನನ್ನ ಹತ್ತಿರ ಬಂದಾಗ ನನ್ನ ಹರಕು ಹಿಂದಿಯಲ್ಲಿ ಏನೂ ವಿವರಿಸಲು ಹೋಗಲಿಲ್ಲ. ಕಲ್ಲನ್ನು ನೆಲಕ್ಕಿಟ್ಟು, ಬಾಟಲಿಯ ನೀರು ಸುರಿದು, ಚಪ್ಪಲಿ ಬಿಟ್ಟು ನಿಲ್ಲಿ ಅಂದೆ. ಅವರು ನನ್ನನ್ನು ಒಮ್ಮೆ ನೋಡಿ ಚಪ್ಪಲಿ ಬಿಟ್ಟರು. ಕನ್ನಡಿ ಪಟ್ಟಿಯ ಮೇಲೆ ಹಿಮ್ಮಡಿ ಊರಿದರು, ಜಾರಿತು. ಕಚ್ಚಾ ಪಟ್ಟಿಯ ಮೇಲೆ ಊರಿ ಮುಖ ಕಿವುಚಿದರು. ನಡುವಿನ ಪಟ್ಟಿಯ ಮೇಲೆ ಊರಿದರು, ಅಲ್ಲೇ ನಿಂತರು. ಇನ್ನೂ ಸ್ವಲ್ಪ ನೀರು ಹಾಕಿ ಅಂದರು. ಹಾಕಿದೆ. ಹಿಮ್ಮಡಿ ತಿರುವಿ ನೋಡಿದರು.

“ಇಡೀ ನೆಲಕ್ಕೆ ಇದೇ ಬೇಕು ಅಂದರೆ ಮಾಡುತ್ತೀರಾ? ಎಷ್ಟು ದಿನ?” ಎಂದು ಕೇಳಿದರು.

ನನ್ನ ಬಾಯಿಗೆ ‘ಒಂದೇ ತಿಂಗಳು’ ಬಂದಿತ್ತು. ಹದಿನಾರು ವರ್ಷ ಗಿರಾಕಿಗಳಿಗೆ ಹಾಗೇ ಹೇಳಿದವನು ನಾನು. ಯಾಕೋ ಹೇಳಲಾಗಲಿಲ್ಲ. ಮಾಡಿದವರನ್ನೇ ಕೇಳುತ್ತೇನೆ ಎಂದು ಅಕ್ಕನಿಗೆ ಫೋನ್ ಹಚ್ಚಿದೆ. ಆ ಕಡೆ ಮಷೀನಿನ ಗದ್ದಲ.

“ಎರಡನೇ ಬಟ್ಟಿಗೆ ನಿಲ್ಲಿಸೋದು ಹಗುರ ಕೆಲಸ ಅಂತ ತಿಳೀಬ್ಯಾಡ ತಮ್ಮಾ. ಎಲ್ಲಾ ಕಲ್ಲ ಒಂದೇ ತರಾ ಬರಬೇಕಂದ್ರ ಪ್ರತಿಯೊಂದೂ ಕೈಲೆ ಮುಟ್ಟಿ ನೋಡಬೇಕಾಗ್ತದ. ಮೂರ್ ತಿಂಗಳ ಬೇಕು ಅಂತ ಹೇಳು. ಕಡಿಮಿ ಹೇಳಬ್ಯಾಡ.”

ಪ್ರತಿ ಕಲ್ಲನ್ನೂ ಕೈಯಲ್ಲಿ ಮುಟ್ಟಿ ನೋಡಬೇಕು, ಮೂರು ತಿಂಗಳು ಅಂದೆ. ಮೇಡಂ ಪುಸ್ತಕದಲ್ಲಿ ಬರೆದುಕೊಂಡರು. ಉಳಿದವರೆಲ್ಲ ಒಂದು ತಿಂಗಳು ಅಂದಿದ್ದಾರೆ, ಕೈಯಲ್ಲಿ ಮುಟ್ಟಿ ನೋಡುತ್ತೇವೆ ಎಂದು ಯಾರೂ ಅನ್ನಲಿಲ್ಲ ಅಂದರು. ಸಂಜೆಯ ಹೊತ್ತಿಗೆ ಕೆಲಸ ನಮ್ಮದು ಎಂದು ತಿಳಿಸಿದರು. ಒಪ್ಪಿದ ಮಾದರಿಯನ್ನು ಅವರೇ ಇಟ್ಟುಕೊಂಡು, ಬರುವ ಪ್ರತಿ ಲೋಡನ್ನೂ ಅದಕ್ಕೆ ಹೋಲಿಸಿ ನೋಡುವುದು ಅಲ್ಲಿನ ಕ್ರಮ. ಕಲ್ಲಿನ ಹಿಂಬದಿಗೆ ಅವರು ಸಹಿ ಹಾಕಿ, ಮಾಡಿದವರ ಸಹಿಯೂ ಬೇಕು ಎಂದು ಬಣ್ಣದ ಪೆನ್ನನ್ನು ನನಗೆ ಕೊಟ್ಟರು. ಅವರ ಕನ್ನಡಕವನ್ನೇ ಇಸಿದುಕೊಂಡು ಹಾಕಿ, ಕನ್ನಡದಲ್ಲಿ, ಅಕ್ಕನ ಪೂರ್ತಿ ಹೆಸರು ಬರೆದೆ.

ಶಹಾಬಾದಕ್ಕೆ ಮರಳಿದಾಗ ಅಕ್ಕ ಬಕೆಟ್ಟಿನಲ್ಲಿ ಬಟ್ಟಿ ತೊಳೆಯುತ್ತಿದ್ದಳು. ಕೆಲಸ ಬಂದ ಸುದ್ದಿ ಫೋನಿನಲ್ಲೇ ಗೊತ್ತಾಗಿತ್ತು.

“ಕಲ್ಲೆಲ್ಲಿ?”

“ಅವರೇ ಇಟ್ಕೊಂಡ್ರಕ್ಕಾ. ಹಿಂದಿನ ಮಗ್ಗಲ ನಿನ್ನ ಹೆಸರ ಬರದೀನಿ.”

ಅವಳ ಕೈ ನೀರಲ್ಲೇ ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡು, “ಚಿಂಚೋಳಿ ಹತ್ರದ ಆ ಹೆಣ್ಮಗಳಿಗೆ ಒಂದ್ ಕಲ್ಲ ಕೊಡ್ತೀನಿ ಅಂದಿದ್ದಿ ಅಲ್ಲ?” ಅಂದಳು.

“ಹೌದು.”

“ಮೊದಲನೇದು ಆಕಿಗೇ ಮಾಡ್ತೀನಿ. ಕೇಳಿದಾಕಿ ಆಕಿ.”

ಬಚ್ಚಲಿನ ಅಳತೆಗೆ ಮಾಡಿದ ಆ ಪರಸಿ ತಕ್ಕಡಿಯಲ್ಲಿ ನಲವತ್ತು ಕಿಲೋ ದಾಟಿತು. ಅದನ್ನು ಬೈಕಿಗೆ ಕಟ್ಟುವ ಹುಚ್ಚು ಮಾಡಲಿಲ್ಲ. ಮೂರು ಗಾಲಿಯ ಒಂದು ಟಂಟಂ ಬಾಡಿಗೆಗೆ ಮಾಡಿ, ಹುಲ್ಲಿನ ನಡುವೆ ನಿಲ್ಲಿಸಿ, ಬಿಗಿಯಾಗಿ ಕಟ್ಟಿಸಿ ಕಳಿಸಿದೆ. ಜರ್ಕಿನ್ನು ಹಾಕಿಕೊಂಡು, ಖಾಲಿ ಗಾಡಿಯಲ್ಲಿ ಅದರ ಹಿಂದೆ ಹೋದೆ. ಆ ಹೊಲದ ಮನೆಯಲ್ಲಿ ಆಕೆಯ ಗಂಡ, ನಾನು ಸೇರಿ ಕಲ್ಲನ್ನು ಬಚ್ಚಲಲ್ಲಿ ಕೂರಿಸಿದೆವು. ಆಕೆ ಈ ಸಲವೂ ನಂಬಲಿಲ್ಲ. ತಂಬಿಗೆ ತುಂಬ ನೀರು ಸುರಿದು, ಬರಿಗಾಲಲ್ಲಿ ಹತ್ತಿ, ಎರಡೂ ಕಾಲು ಊರಿ ನಿಂತಳು. ಗಂಡ ಅಭ್ಯಾಸಕ್ಕೆ ಹೆಗಲು ಮುಂದೆ ಮಾಡಿದ. ಅವಳು ಅದನ್ನು ಹಿಡಿಯಲಿಲ್ಲ.